ಏಳು ಹಲ್ಲಿನ ಗಾಲಿ

ಗಾಡಿ ನಿಂತದ್ದು ಏರಿನ ಮುಕ್ಕಾಲು ಭಾಗ ಹತ್ತಿದ ಮೇಲೆ. ಕೆಳಗೆ ನಿಂತು ನೋಡುತ್ತಿದ್ದ ಪಂಪಾವತಿಗೆ ಮೊದಲು ಕೇಳಿಸಿದ್ದು ಸದ್ದು. ಟಕ್, ಟಕ್, ಆಮೇಲೆ ಟಕಟಕಟಕ ಎಂದು ಒಂದೇ ಸಮನೆ. ಹಿಮವಾಹನದ ಹಿಂದಿನಿಂದ ಚಿಮ್ಮುತ್ತಿದ್ದ ಬಿಳಿ ಧೂಳು ತಟ್ಟನೆ ಇಳಿದುಹೋಯಿತು. ಗಾಡಿಯ ಮೇಲೆ ಕುಳಿತಿದ್ದ ರಿಗ್‌ಜಿನ್ ಒಂದು ಕೈ ಎತ್ತಿ ಅಡ್ಡಡ್ಡ ಆಡಿಸಿದಳು. ಆಗಲಿಲ್ಲ ಎಂದು ಅರ್ಥ.

"ಪಟ್ಟೆ ಮತ್ತೆ ಹಾರಿತು," ಎಂದಳು ಅವಳು, ಹಿಂದಕ್ಕೆ ಜಾರಿಸಿಕೊಂಡು ಗಾಡಿಯನ್ನು ಕೆಳಗೆ ತಂದ ಮೇಲೆ. "ನಾನು ಹಿಡಿ ತಿರುವಿದಷ್ಟೂ ಮೋಟಾರು ತಿರುಗುತ್ತೆ. ಪಟ್ಟೆ ಮಾತ್ರ ನಿಂತಲ್ಲೇ ಇರುತ್ತೆ."

ಪಂಪಾವತಿ ಕೈಗವಸು ತೆಗೆದು ಗಾಡಿಯ ಹೊಟ್ಟೆಯೊಳಗೆ ಬೆರಳಾಡಿಸಿದಳು. ರಬ್ಬರ್ ಪಟ್ಟೆಯ ಒಳಮೈಯಲ್ಲಿ ಸಾಲಾಗಿದ್ದ ಗುಬ್ಬಿಗಳ, ಅಂದರೆ ರಬ್ಬರ್ ಉಬ್ಬುಗಳ, ತುದಿ ಸವೆದು ನುಣುಪಾಗಿತ್ತು. ಹಿಮದ ಮೇಲೆ ಓಡುವ ಗಾಡಿಗೆ ಹಿಂದೆ ಚಕ್ರವಿರುವುದಿಲ್ಲ. ಉದ್ದನೆಯ ರಬ್ಬರ್ ಪಟ್ಟೆಯೊಂದು ಸುತ್ತುತ್ತಾ ಹಿಮವನ್ನು ಹಿಂದಕ್ಕೆ ತಳ್ಳುತ್ತದೆ. ಆ ಪಟ್ಟೆಯನ್ನು ಸುತ್ತಿಸುವುದು ಮುಂದಿನ ಅಚ್ಚಿನ ಮೇಲೆ ಕೂತ, ಸುತ್ತಲೂ ಹಲ್ಲುಗಳಿರುವ ಎರಡು ಗಾಲಿಗಳು. ಕಾರ್ಯಾಗಾರದವರು ಅವಕ್ಕೆ ಡ್ರೈವರ್ ಎನ್ನುತ್ತಿದ್ದರು. ಗಾಡಿ ಓಡಿಸುವ ರಿಗ್‌ಜಿನ್‌ಳೂ ಡ್ರೈವರ್ ಆದ್ದರಿಂದ ಮಾತು ಗೋಜಲಾಗುತ್ತಿತ್ತು. ಪಂಪಾವತಿ ಅವನ್ನು ಹಲ್ಲುಗಾಲಿ ಎಂದು ಕರೆದಳು. ಕನ್ನಡ ಬಾರದ ಲಡಾಖಿನ ಆ ಕಣಿವೆಯ ಜನರ ಬಾಯಲ್ಲೂ ಅದು "ಹಲ್‌ಗಾಲಿ" ಆಗಿ ನಿಂತುಬಿಟ್ಟಿತು.

ಪಂಪಾವತಿ ಹುಟ್ಟಿ ಬೆಳೆದದ್ದು ಸಂಡೂರಿನಲ್ಲಿ. ಬೆಟ್ಟದ ಮೇಲಿನ ಗಣಿಯಿಂದ ಕೆಳಗಿನ ರೈಲಿಗೆ ಅದಿರು ಇಳಿಸುವ ಮೈಲುದ್ದದ ಬೆಲ್ಟುಗಳನ್ನು ನೋಡಿಕೊಳ್ಳುವುದು ಅವಳ ಹನ್ನೆರಡು ವರ್ಷಗಳ ಕೆಲಸವಾಗಿತ್ತು. ಹಿಮವನ್ನು ಅವಳು ಮುಟ್ಟಿ ನೋಡಿದ್ದೇ ನಲವತ್ತು ದಾಟಿದ ಮೇಲೆ, ಗಂಡ ಎರ್ರಿಸ್ವಾಮಿಯ ಜೊತೆ ಯುರ್ದೊ ಎಂಬ ಈ ಊರಿನ ಸಂಶೋಧನಾ ಸಂಸ್ಥೆಗೆ ಬಂದಾಗ.

ಎರ್ರಿಸ್ವಾಮಿ ರಸಾಯನಶಾಸ್ತ್ರದವನು. ಅವನು ಕಂಡುಹಿಡಿದ ಬ್ಯಾಟರಿಯ ಹೆಸರು ಶೀತಕೋಶ. ಮಾಮೂಲು ಬ್ಯಾಟರಿ ಚಳಿಗೆ ಸತ್ತುಹೋಗುತ್ತದೆ. ಇದು ಚಳಿ ಹೆಚ್ಚಾದಷ್ಟೂ ಚುರುಕಾಗುತ್ತಿತ್ತು. ಹೊರಗಿನ ಗಾಳಿ ಸೊನ್ನೆಗಿಂತ ಕೆಳಗಿಳಿದಂತೆ ಅದರೊಳಗಿನ ಲವಣದ ಪದರ ಹರಳುಗಟ್ಟಿ, ಆ ಹರಳಿನ ಸಂದುಗಳಲ್ಲಿ ವಿದ್ಯುತ್ ಕಣಗಳು ಸಲೀಸಾಗಿ ಓಡುತ್ತಿದ್ದವು. ಇನ್ನೊಂದು ವಿಚಿತ್ರ ಗುಣವೂ ಇತ್ತು. ಕೆಲಸ ಮಾಡುತ್ತಾ ಹೋದಂತೆ ಅದು ಬಿಸಿಯಾಗುವ ಬದಲು ಸುತ್ತಲಿನ ಶಾಖವನ್ನು ಹೀರಿ ಇನ್ನಷ್ಟು ತಣ್ಣಗಾಗುತ್ತಿತ್ತು; ತಣ್ಣಗಾದಂತೆ ಇನ್ನಷ್ಟು ಬಲ ಕೊಡುತ್ತಿತ್ತು. ಬೆಟ್ಟ ಹತ್ತಿದಷ್ಟೂ ಶಕ್ತಿ ಏರುವ ಗಾಡಿಯೊಂದನ್ನು ಅದರಿಂದ ಮಾಡಬಹುದಿತ್ತು.

ಹಾಗೆ ಮಾಡಿದ ಗಾಡಿ ಇದು. ಹಳೆಯ ಪೆಟ್ರೋಲ್ ಹಿಮವಾಹನದ ಇಂಜಿನ್ ಕಿತ್ತು ಮೋಟಾರು ಕೂರಿಸಿ, ಟ್ಯಾಂಕಿನ ಜಾಗದಲ್ಲಿ ಶೀತಕೋಶದ ಪೆಟ್ಟಿಗೆ ಇಟ್ಟು, ಹಿಂದೆ ಒಬ್ಬರು ಮಲಗಿಕೊಳ್ಳುವಂಥ ಜಾರುಬಂಡಿ ಜೋಡಿಸಿದ್ದರು. ಯಾಕ್ ಹೋರಿಗೂ ಊರ ಹಸುವಿಗೂ ಹುಟ್ಟುವ ಮಿಶ್ರತಳಿಗೆ ಅಲ್ಲಿ ಝೋ ಎನ್ನುತ್ತಾರೆ. ಜನ ಗಾಡಿಗೂ ಅದೇ ಹೆಸರಿಟ್ಟರು.

ಝೋ ಹತ್ತಬೇಕಾಗಿದ್ದುದು ಸೆರ್ಕಾಂಗ್ ಎಂಬ ಎತ್ತರದ ಬೆಟ್ಟದಾರಿಯನ್ನು. ಅದರ ಆಚೆಗೆ ತಾಂಗ್ಯಾ ಎಂಬ ಹಳ್ಳಿ, ರಿಗ್‌ಜಿನ್ ಹುಟ್ಟಿದ ಊರು. ಚಳಿಗಾಲ ಬಂತೆಂದರೆ ದಾರಿ ಮುಚ್ಚಿ ಹಳ್ಳಿ ತಿಂಗಳುಗಟ್ಟಲೆ ಒಂಟಿಯಾಗುತ್ತಿತ್ತು. ಹಿಂದೆ ನದಿ ಹೆಪ್ಪುಗಟ್ಟುತ್ತಿದ್ದ ಕಾಲದಲ್ಲಿ ಅದರ ಮೇಲೆ ನಡೆದು ಬರುತ್ತಿದ್ದರು. ಈಗ ಹವಾಮಾನ ಕೆಟ್ಟು, ನದಿ ಅರೆಬರೆ ಹೆಪ್ಪುಗಟ್ಟಿ ಕಾಲಿಟ್ಟಲ್ಲಿ ಒಡೆಯುತ್ತಿತ್ತು. ಹೆಲಿಕಾಪ್ಟರು ಮೋಡ ನೋಡಿಕೊಂಡು ಬರಬೇಕು. ಹಿಂದಿನ ಚಳಿಗಾಲದಲ್ಲಿ ಇಬ್ಬರು ಬಾಣಂತಿಯರು ಸತ್ತ ಮೇಲೆ, ತಾಂಗ್ಯಾದ ಮನೆಗಳನ್ನೆಲ್ಲ ಕೆಳಗಿನ ಬಯಲಿಗೆ ಸ್ಥಳಾಂತರಿಸಬೇಕೆಂಬ ಮಾತು ಎದ್ದಿತು. ಈ ಚಳಿಗಾಲ ಮುಗಿಯುವುದರೊಳಗೆ ನಂಬುವಂಥ ದಾರಿಯೊಂದು ಸಿಕ್ಕರೆ ಹಳ್ಳಿ ಉಳಿಯುತ್ತದೆ, ಇಲ್ಲದಿದ್ದರೆ ಎಲ್ಲರೂ ಇಳಿಯುವುದು ಎಂದು ಹಳ್ಳಿಯವರೇ ಕೂತು ತೀರ್ಮಾನಿಸಿದ್ದರು.

ಮೋಟಾರಿನಲ್ಲಿ ಬಲ ಬೇಕಾದಷ್ಟಿತ್ತು. ಅದನ್ನು ಪಟ್ಟೆಗೆ ದಾಟಿಸುವ ಗಾಲಿಯದೇ ತೊಂದರೆ. ಪೆಟ್ರೋಲ್ ಇಂಜಿನಿನ ಜೊತೆಗೆ ಬಂದ ಹಳೆಯ ಹಲ್ಲುಗಾಲಿಗೆ ಏಳು ಗಿಡ್ಡ ಹಲ್ಲು. ಅವು ಗುಬ್ಬಿಗಳನ್ನು ತಳ್ಳಿ ಪಟ್ಟೆ ತಿರುಗಿಸಬೇಕು. ಏರಿನ ಕೊನೆಯಲ್ಲಿ, ಶೀತಕೋಶ ಅತಿ ತಣ್ಣಗಾಗಿ ಮೋಟಾರು ಅತಿ ಜೋರಾದ ಹೊತ್ತಿಗೆ, ಹಲ್ಲು ಗುಬ್ಬಿಯನ್ನು ಏರಿ ಹಾರಿಬಿಡುತ್ತಿತ್ತು.

* * *

"ಪಟ್ಟೆ ಬಿಗಿ ಮಾಡಿದ್ರ ಆಗಂಗಿಲ್ಲೇನು?" ಎಂದು ಕೇಳಿದ ಎರ್ರಿಸ್ವಾಮಿ. ಸಂಸ್ಥೆಯವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಒಲೆಯ ಮುಂದೆ ಕೂತು ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುತ್ತಿದ್ದ. ಆ ಎತ್ತರದಲ್ಲಿ ನೀರು ಬೇಗ ಕುದಿದರೂ ಸಾಕಷ್ಟು ಬಿಸಿಯಾಗುವುದಿಲ್ಲ. ರೊಟ್ಟಿ ಯಾವಾಗಲೂ ಅಂಚಿನಲ್ಲಿ ಬಿರಿಯುತ್ತಿತ್ತು.

"ಬಿಗಿ ಮಾಡಿದ್ರ ತಿರುಗಾಕ ಅರ್ಧ ಬಲ ಅಲ್ಲೇ ಹೋಗ್ತೈತಿ," ಎಂದಳು ಪಂಪಾವತಿ. "ನಿನ್ನ ಬ್ಯಾಟರಿ ಒಂದೀಟು ತಗ್ಗಿಸಿಕೊಂಡ್ರ ಎಲ್ಲಾ ಸಲೀಸು."

"ತಗ್ಗಿಸಿದ್ರ ಮನುಷ್ಯರನ್ನ ಹೊತ್ಕೊಂಡು ಸೆರ್ಕಾಂಗ್ ಹತ್ತಂಗಿಲ್ಲ. ಲೆಕ್ಕ ನೀನೇ ನೋಡೀದಿ."

ಅದು ನಿಜವಾಗಿತ್ತು. ಅವಳು ಅವನ ಕೈಯಿಂದ ಹಿಟ್ಟಿನ ಉಂಡೆ ತೆಗೆದುಕೊಂಡು ತಟ್ಟತೊಡಗಿದಳು. ಹೊರಗೆ ಬೀದಿಯಲ್ಲಿ ಯಾರೋ ಕತ್ತೆಗಳನ್ನು ಅಟ್ಟಿಕೊಂಡು ಹೋಗುತ್ತಿದ್ದರು. ರೊಟ್ಟಿ ಬೆಂದಿತು. ಮಾತು ಮತ್ತೆ ಶುರುವಾದದ್ದೂ ಹಲ್ಲಿನ ಬಗ್ಗೆಯೇ.

"ಗುಬ್ಬಿ ತಳ್ಳೋದು ಬಿಟ್ಟು ಕಿಟಕಿಯೊಳಗ ಹೋಗಿ ಹಿಡಿಯೋ ಹಲ್ಲು ಮಾಡ್ತೀನಿ," ಎಂದಳು. "ಎಂಟು ಹಲ್ಲು. ಗಾಲಿ ದೊಡ್ಡದಾದ್ರ ಒಂದೇ ಸಲಕ್ಕ ಹೆಚ್ಚು ಹಲ್ಲು ಪಟ್ಟೆ ಹಿಡಕೊಂಡಿರ್ತಾವ."

ಪಟ್ಟೆಯ ಅಗಲದಲ್ಲಿ ಸಾಲಾಗಿ ಚೌಕನೆಯ ತೂತುಗಳಿದ್ದವು. ಅವಕ್ಕೇ ಕಿಟಕಿ ಎನ್ನುತ್ತಿದ್ದುದು. ಹಲ್ಲು ಅದರೊಳಗೆ ನೇರವಾಗಿ ಹೊಕ್ಕರೆ ಜಾರುವ ಪ್ರಶ್ನೆಯೇ ಇಲ್ಲ.

ಆ ಗಾಲಿ ತಯಾರಾಗಿ ಬಂದಾಗ ಕಾರ್ಯಾಗಾರದ ಶೀತಲ ಕೋಣೆಯಲ್ಲಿ ಅದನ್ನು ಪರೀಕ್ಷಿಸಿದರು. ದಪ್ಪ ಗಾಜಿನ ಆಚೆ ಪಟ್ಟೆ ತಿರುಗುತ್ತಿತ್ತು. ಈಚೆ ಪಂಪಾವತಿ, ಎರ್ರಿಸ್ವಾಮಿ, ರಿಗ್‌ಜಿನ್ ಮೂವರೂ ಪರದೆಯ ಮೇಲಿನ ಗೆರೆ ನೋಡುತ್ತಾ ನಿಂತರು. ಮೋಟಾರಿನ ಬಲ ಏರಿತು. ಹಳೆಯ ಗಾಲಿ ಸೋತ ಜಾಗ ದಾಟಿತು. ಇನ್ನೂ ಏರಿತು. ಒಂದು ಟಕ್ ಎಂಬ ಸದ್ದೂ ಇಲ್ಲ. ಕೋಶ ಕೊಡಬಲ್ಲ ಗರಿಷ್ಠ ಬಲವನ್ನೂ ಎಂಟು ಹಲ್ಲುಗಳು ಕಚ್ಚಿ ಹಿಡಿದವು.

ಎರ್ರಿಸ್ವಾಮಿ ಹೆಂಡತಿಯ ಬೆನ್ನು ತಟ್ಟಿದ. ರಿಗ್‌ಜಿನ್ ಅಕ್ಕನಿಗೆ ರೇಡಿಯೋದಲ್ಲಿ ಸುದ್ದಿ ಹೇಳಲು ಹೋದಳು. ಅವಳ ಅಕ್ಕ ಯಾಂಗ್‌ಜೋರ್ ತಾಂಗ್ಯಾದ ಆರೋಗ್ಯ ಕೇಂದ್ರದ ದಾದಿ. ಚಳಿಗಾಲದಲ್ಲಿ ಆ ಊರಿಗೆ ವೈದ್ಯರು ಎಂದರೂ ಅವಳೇ, ಸೂಲಗಿತ್ತಿ ಎಂದರೂ ಅವಳೇ.

* * *

ಪಟ್ಟೆ ಹರಿದದ್ದು ಅದಾದ ಮೇಲಿನ ವಾರ, ಹೊಸ ಹಿಮ ಬಿದ್ದ ಇಳಿಜಾರಿನಲ್ಲಿ. ಈ ಸಲ ಟಕಟಕ ಸದ್ದು ಬರಲಿಲ್ಲ. ಒಂದೇ ಒಂದು ದೊಡ್ಡ ಸಪ್ಪಳ, ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದ ಹಾಗೆ. ಗಾಡಿ ಅಡ್ಡ ತಿರುಗಿ ಮಗುಚಿತು. ರಿಗ್‌ಜಿನ್ ಹಿಮದೊಳಗೆ ಸೊಂಟದವರೆಗೆ ಹೂತುಹೋಗಿ, ತಾನೇ ತೆವಳಿಕೊಂಡು ಎದ್ದಳು. ಭುಜಕ್ಕೆ ಪೆಟ್ಟಾಗಿತ್ತು.

ಹರಿದ ಪಟ್ಟೆಯನ್ನು ಕಾರ್ಯಾಗಾರದ ನೆಲದ ಮೇಲೆ ಹಾಸಿ ಪಂಪಾವತಿ ಮಂಡಿಯೂರಿ ಕೂತಳು. ಕಿಟಕಿಗಳಲ್ಲಿ ಮಂಜುಗಡ್ಡೆ ಸಿಮೆಂಟಿನಂತೆ ತುಂಬಿಕೊಂಡಿತ್ತು. ಗಾಲಿಯ ಹಲ್ಲುಗಳ ಬುಡದಲ್ಲೂ ಅದೇ. ಯೋಚಿಸಿದಂತೆ ವಿಷಯ ಅರ್ಥವಾಯಿತು. ಮೋಟಾರಿನ ಶಾಖ ಗಾಡಿಯ ಹೊಟ್ಟೆಯಲ್ಲಿ ಹಿಮವನ್ನು ಕರಗಿಸುತ್ತಿತ್ತು. ಪಕ್ಕದಲ್ಲೇ ಇದ್ದ ಶೀತಕೋಶದ ಪೆಟ್ಟಿಗೆ ಆ ನೀರನ್ನು ಕ್ಷಣದಲ್ಲಿ ಗಟ್ಟಿ ಮಾಡುತ್ತಿತ್ತು. ದೊಡ್ಡ ಗಾಲಿಗೂ ಮೇಲಿನ ತಗಡಿಗೂ ನಡುವೆ ಸಂದೇ ಇಲ್ಲದ್ದರಿಂದ ಗಡ್ಡೆ ಹೊರಬೀಳಲು ದಾರಿ ಇರಲಿಲ್ಲ. ಕಿಟಕಿ ಮುಚ್ಚಿದ ಮೇಲೆ ಹಲ್ಲು ಗಡ್ಡೆಯ ಮೇಲೆ ಕೂತಿತು. ಜಾರಲು ಅವಕಾಶವಿಲ್ಲದ ಹಲ್ಲು ಪಟ್ಟೆಯನ್ನೇ ಸೀಳಿತು.

"ಶೀತಲ ಕೋಣೆಯಲ್ಲಿ ಚಳಿ ಇತ್ತು, ಹಿಮ ಇರಲಿಲ್ಲ," ಎಂದಳು ತನಗೇ ಎಂಬಂತೆ.

ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡಿದ್ದ ರಿಗ್‌ಜಿನ್ ಬೆಂಚಿನ ಮೇಲೆ ಕೂತಿದ್ದಳು. "ಅದು ಹರಿಯೋಕೆ ಮುಂಚೆ ಗಾಡಿ ಭಾರವಾಯ್ತು. ನಾನು ಹಿಮ ಆಳವಾಗಿದೆ ಅಂದುಕೊಂಡು ಇನ್ನೂ ಹಿಡಿ ತಿರುವಿದೆ. ನಾನೂ ತಪ್ಪೇ ಮಾಡಿದೆ."

"ಹಳೆ ಗಾಲಿ ಆಗಿದ್ದರೆ?"

"ಟಕ್ ಅಂತಿತ್ತು. ನಾನು ಬಿಟ್ಟುಬಿಡ್ತಿದ್ದೆ."

ಉಳಿದಿದ್ದುದು ಒಂದೇ ಒಂದು ಹೊಸ ಪಟ್ಟೆ. ಇನ್ನೊಂದು ಬರಬೇಕೆಂದರೆ ಕೆಳಗಿನ ರಸ್ತೆ ತೆರೆಯಬೇಕು, ಅಷ್ಟರಲ್ಲಿ ಚಳಿಗಾಲವೇ ಮುಗಿದಿರುತ್ತದೆ.

ಆ ಸಂಜೆ ಮನೆಯಲ್ಲಿ ಗಂಡಹೆಂಡಿರಿಗೆ ಜಗಳವಾಯಿತು. ಕೂಗಾಟವೇನೂ ಇರಲಿಲ್ಲ. ಆದರೂ ಇಬ್ಬರೂ ಹೇಳಬಾರದ್ದನ್ನು ಹೇಳಿದರು. ಬೆಲ್ಟಿನ ಕೆಲಸ ಬಲ್ಲವಳು ಅಂತ ನಿನ್ನನ್ನು ಕರಕೊಂಡು ಬಂದೆ ಎಂದ ಅವನು. ನಿನ್ನ ಕೋಶ ಮೆರೆಸುವ ಆಸೆಯಲ್ಲಿ ಆ ಹುಡುಗಿಯ ಕುತ್ತಿಗೆ ಮುರಿಯುತ್ತಿತ್ತು ಎಂದಳು ಅವಳು. ಅವನು ಒಲೆಯ ಬೂದಿ ಕೆದಕಿದ. ಕೊನೆಗೆ, "ಬಲ ತಗ್ಗಿಸಾಕ ಆಗಂಗಿಲ್ಲ. ಆದ್ರ ಒಮ್ಮೆಲೇ ಬರದಂಗ ನಿಧಾನಕ್ಕ ಏರಿಸಬಹುದು," ಎಂದ. "ಈಗ ಹಿಡಿ ತಿರುವಿದ ತಕ್ಷಣ ಪೂರಾ ಬರ್ತೈತಿ. ನಾಕೈದು ಸೆಕೆಂಡ್ ತಗೊಂಡು ಬರೂ ಹಂಗ ಮಾಡ್ತೀನಿ. ನನಗ ಅದು ಮೊದಲೇ ಹೊಳೀಬೇಕಿತ್ತು."

ಅವಳು ಚಹಾದ ಲೋಟ ಅವನ ಮುಂದಿಟ್ಟಳು. "ನಾನೂ ಗಾಲಿ ಬದಲಿಸ್ತೀನಿ. ಮತ್ತ ಏಳು ಹಲ್ಲು."

"ಮತ್ತ ಏಳಕ್ಕ ಬಂದ್ಯಾ?"

"ಹಳೆದಲ್ಲ. ಗಾಲಿ ಸಣ್ಣದು, ತಗಡಿಗೂ ಅದಕ್ಕೂ ಸಂದು ಇರ್ತೈತಿ. ಮೈಯೆಲ್ಲಾ ತೆರೆದು ಬರೀ ಕಡ್ಡಿ ಬಿಡ್ತೀನಿ, ಗಡ್ಡಿ ಕೂತ್ರೂ ಉದುರಿ ಹೋಗ್ಬೇಕು. ಹಲ್ಲು ಎತ್ತರ, ಅಗಲ. ಕಿಟಕಿಗೆ ಹೋಗಂಗಿಲ್ಲ, ಗುಬ್ಬಿನ ಬುಡದಾಗ ತಳ್ಳತಾವು."

"ಹಾರಂಗಿಲ್ಲೇನು?"

"ಹಾರ್ತಾವು. ತೀರಾ ಜೋರಾದ್ರ ಹಾರ್ಲಿ. ಹಾರಿದ್ರ ಹುಡುಗಿಗೆ ಕೇಳಸ್ತೈತಿ, ಬಿಡ್ತಾಳ. ಹರಿದ್ರ ಏನು ಮಾಡ್ತಾಳ, ಬೆಟ್ಟದ ಮ್ಯಾಲ?"

ಅವನು ತಲೆಯಾಡಿಸಿದ. ಒಪ್ಪಿದನೋ ದಣಿದನೋ ಅವಳಿಗೆ ತಿಳಿಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಕಾರ್ಯಾಗಾರಕ್ಕೆ ಹೋಗಿದ್ದ.

* * *

ಹೊಸ ಗಾಲಿಗಳು ಅಚ್ಚಿನ ಮೇಲೆ ಕೂತ ಮೇಲೆ ಹತ್ತಿರದ ಸಣ್ಣ ದಿಬ್ಬಗಳ ಮೇಲೆ ಓಡಿಸಿ ನೋಡಿದರು. ಹಿಮ ಮೆತ್ತಿಕೊಳ್ಳುತ್ತಿತ್ತು, ಉದುರುತ್ತಿತ್ತು. ದೊಡ್ಡ ಏರಿಗೆ ಹೋಗಲು ಹವೆ ಬಿಡಲಿಲ್ಲ. ಸೆರ್ಕಾಂಗಿನ ನೆತ್ತಿ ಮೋಡದೊಳಗಿತ್ತು. ಇನ್ನೂ ಹದಿನೈದು ದಿನ ಪರೀಕ್ಷೆ ನಡೆಸಿ ಆಮೇಲೆ ದಾಟುವುದು ಎಂದು ಎಣಿಕೆ ಹಾಕಿಕೊಂಡಿದ್ದರು.

ಅಷ್ಟರಲ್ಲಿ ತಾಂಗ್ಯಾದಿಂದ ರೇಡಿಯೋ ಕರೆ ಬಂತು. ಮಾತಾಡಿದವಳು ಯಾಂಗ್‌ಜೋರ್.

"ರೋಗಿ ಹೆಣ್ಣು, ಮೂವತ್ತನಾಲ್ಕು ವಯಸ್ಸು," ಎಂದಳು, ಯಾವಾಗಲೂ ವರದಿ ಕೊಡುವ ಧ್ವನಿಯಲ್ಲೇ. "ನಿನ್ನೆಯಿಂದ ಬಲಗಡೆ ಕೆಳಹೊಟ್ಟೆ ನೋವು. ಜ್ವರ ಏರುತ್ತಿದೆ. ಮುಟ್ಟಿದರೆ ಹೊಟ್ಟೆ ಹಲಗೆಯಂತೆ ಬಿಗಿ. ಕರುಳುಬಾಲ, ಅಂದರೆ ಅಪೆಂಡಿಕ್ಸ್, ಊದಿಕೊಂಡಿದೆ, ಬೇಗ ಕೊಯ್ಯಬೇಕು. ನನ್ನಲ್ಲಿದ್ದ ಔಷಧಿ ಚುಚ್ಚಿಯಾಗಿದೆ."

"ರೋಗಿ ಯಾರು?" ಎಂದು ಕೇಳಿದಳು ರಿಗ್‌ಜಿನ್.

"ನಾನೇ," ಎಂದಳು ಯಾಂಗ್‌ಜೋರ್. "ಗಾಬರಿ ಮಾಡಿಕೊಳ್ಳಬೇಡ. ಸೂಜಿ ನಾನೇ ಚುಚ್ಚಿಕೊಂಡೆ, ಕೈ ನಡುಗಲಿಲ್ಲ."

ಹೆಲಿಕಾಪ್ಟರಿಗೆ ಕೇಳಿದರು. ಮೋಡ ತಿಳಿಯಾಗುವವರೆಗೂ ಹಾರುವುದು ಸಾಧ್ಯವಿಲ್ಲ, ತಿಳಿಯಾಗಲು ಎರಡು ದಿನ ಬೇಕಾಗಬಹುದು ಎಂಬ ಉತ್ತರ ಬಂತು. ಯುರ್ದೊ ಆಸ್ಪತ್ರೆಯ ಶಸ್ತ್ರವೈದ್ಯರು ಎರಡು ದಿನ ಕಾಯುವಂತಿಲ್ಲ ಎಂದರು.

ಎರ್ರಿಸ್ವಾಮಿ ಹೆಂಡತಿಯನ್ನು ಬದಿಗೆ ಕರೆದ. "ಮ್ಯಾಲ ಚಳಿ ಭಾಳ ಐತಿ. ಒಣ ಹಿಮ ಇರ್ತೈತಿ. ಎಂಟು ಹಲ್ಲಿಂದು ಹಾಕಿದ್ರ ಗಟ್ಟಿಯಾಗಿ ಹಿಡಿತೈತಿ. ಏಳು ಹಲ್ಲಿಂದು ದೊಡ್ಡ ಏರು ಕಂಡೇ ಇಲ್ಲ."

"ಕೆಳಗಿನ ಅರ್ಧ ದಾರಿ ಒದ್ದಿ ಹಿಮ."

"ಗೊತ್ತೈತಿ. ಅದಕ್ಕ ನಿನ್ನ ಕೇಳಾಕತ್ತೀನಿ."

ಪಂಪಾವತಿ ಗಾಡಿಯ ಪಕ್ಕ ನಿಂತು ಎರಡನ್ನೂ ಯೋಚಿಸಿದಳು. ಒಣ ಹಿಮದಲ್ಲಿ ಎಂಟು ಹಲ್ಲು ಖಂಡಿತ ಹತ್ತುತ್ತದೆ. ಆದರೆ ಒಣ ಹಿಮ ತಲುಪುವುದರೊಳಗೇ ಕಿಟಕಿಗಳು ಮುಚ್ಚಿದ್ದರೆ, ಇರುವ ಒಂದೇ ಪಟ್ಟೆ ಹೋಗುತ್ತದೆ, ಅದರ ಜೊತೆ ಇಬ್ಬರು ಅಕ್ಕತಂಗಿಯರೂ. ಏಳು ಹಲ್ಲು ಹತ್ತದೇ ಹೋದರೂ ಹಿಂದಕ್ಕೆ ಬರಬಹುದು, ಮತ್ತೆ ಪ್ರಯತ್ನಿಸಬಹುದು. ಗಣಿಯಲ್ಲಿ ಒಮ್ಮೆ ಜಾರುತ್ತಿದ್ದ ಬೆಲ್ಟನ್ನು ಅವಸರಕ್ಕೆ ಬಿಗಿಮಾಡಿ, ಅದು ಹರಿದು, ಗುಡ್ಡದಷ್ಟು ಅದಿರು ಕಣಿವೆಗೆ ಸುರಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

"ಈಗಿರೋದು ಇರ್ಲಿ," ಎಂದಳು. "ನಾನೂ ಹೋಗ್ತೀನಿ. ದಾರ್‍ಯಾಗ ಪಟ್ಟೆ ಬಿಗಿ ನೋಡಾಕ ಒಬ್ಬರು ಬೇಕು."

ಅವನು ತನ್ನ ಕೊರಳಿನ ಉಣ್ಣೆ ವಸ್ತ್ರ ಬಿಚ್ಚಿ ಅವಳ ಕೊರಳಿಗೆ ಸುತ್ತಿದ.

* * *

ಬೆಳಕು ಹರಿದ ಮೇಲೆ ಹೊರಟರು. ಕೆಳಗಿನ ದಾರಿ ಎಣಿಸಿದಂತೆಯೇ ಒದ್ದೆಯಾಗಿತ್ತು. ರಿಗ್‌ಜಿನ್ ನಡುನಡುವೆ ನಿಲ್ಲಿಸುತ್ತಿದ್ದಳು; ಪಂಪಾವತಿ ಇಳಿದು ಗಾಡಿಯ ಹೊಟ್ಟೆಗೆ ಬಗ್ಗಿ ನೋಡುತ್ತಿದ್ದಳು. ಗಾಲಿಯ ಕಡ್ಡಿಗಳಿಗೆ ಗಡ್ಡೆ ಅಂಟಿರುತ್ತಿತ್ತು. ಮುಂದೆ ಸಾಗಿದೊಡನೆ ಚೂರಾಗಿ ಹಿಂದೆ ಉದುರುತ್ತಿತ್ತು.

ನೆತ್ತಿಯ ಕೆಳಗೆ ಕೊನೆಯ ಏರು ಗೋಡೆಯಂತೆ ನಿಂತಿತ್ತು. ಮೋಡ ಮುಖಕ್ಕೆ ಬಡಿಯುತ್ತಿತ್ತು. ಶೀತಕೋಶದ ಪೆಟ್ಟಿಗೆಯ ಮೇಲೆ ಬಿಳಿ ಹುಡಿ ಕೂತಿತ್ತು. ಬಲ ತುಂಬಿಕೊಂಡಿದೆ ಎಂಬ ಗುರುತು ಅದು. ರಿಗ್‌ಜಿನ್ ಗಾಡಿಯ ಮೇಲೆ ಎದ್ದು ನಿಂತು ಹಿಡಿ ತಿರುವಿದಳು. ಗಾಡಿ ಹತ್ತಿತು. ಅರ್ಧಕ್ಕೆ ಬಂದಾಗ ಟಕ್ ಎಂದಿತು. ಅವಳು ಹಿಡಿ ಸಡಿಲಿಸಿದಳು. ಗಾಡಿ ಕ್ಷಣ ತಡೆದು, ಹಿಮದಲ್ಲಿ ಸ್ವಲ್ಪ ಕುಸಿದು, ಮತ್ತೆ ಕಚ್ಚಿಕೊಂಡಿತು. ಇನ್ನೆರಡು ಸಲ ಹಾಗೇ ಆಯಿತು. ಪಂಪಾವತಿ ಹಿಂದೆ ಕೂತು ಅವಳ ಸೊಂಟ ಹಿಡಿದುಕೊಂಡಿದ್ದಳು. ಪ್ರತಿ ಟಕ್‌ಗೂ ಆ ಹುಡುಗಿಯ ಉಸಿರು ನಿಂತು ಮತ್ತೆ ಬರುವುದು ಕೈಗೆ ತಿಳಿಯುತ್ತಿತ್ತು. ಆಮೇಲೆ ನೆಲ ಸಪಾಟಾಯಿತು. ಪ್ರಾರ್ಥನೆಯ ಬಣ್ಣದ ಬಾವುಟಗಳು ಕಂಡವು. ಪಕ್ಕದಲ್ಲಿ ದಾರಿಹೋಕರಿಗೆಂದು ಕಟ್ಟಿದ ಕಲ್ಲಿನ ಗೂಡು. ಸೆರ್ಕಾಂಗ್ ದಾಟಿದ್ದರು.

ತಾಂಗ್ಯಾದಲ್ಲಿ ಜನ ಯಾಂಗ್‌ಜೋರಳನ್ನು ಕಂಬಳಿಗಳಲ್ಲಿ ಸುತ್ತಿ ಸಿದ್ಧವಾಗಿ ಇಟ್ಟಿದ್ದರು. ಮುಖ ಬೂದಿಬಣ್ಣವಾಗಿತ್ತು. ಆದರೂ ಪಂಪಾವತಿಯನ್ನು ನೋಡಿ, "ಹಲ್‌ಗಾಲಿ ನೀವೇನಾ?" ಎಂದು ಕೇಳಿದಳು. ಗಾಡಿಯ ತಾಳಿಕೆಗಿಂತ ತನ್ನ ತಾಳಿಕೆ ಕಡಿಮೆ, ಚಹಾಕ್ಕೆ ಕೂರುವುದು ಬೇಡ ಎಂದೂ ಅವಳೇ ಹೇಳಿದಳು.

ಮರಳುವ ದಾರಿಯ ಏರು ಈ ಕಡೆಯಿಂದ ಇನ್ನೂ ಕಡಿದು. ಗಾಡಿಯ ಮೇಲೆ ಇಬ್ಬರು, ಹಿಂದಿನ ಜಾರುಬಂಡಿಯಲ್ಲಿ ಒಬ್ಬಳು. ಮೊದಲ ತಿರುವಿನಲ್ಲೇ ಟಕ್ ಎಂದಿತು. ಎರಡನೆಯದರಲ್ಲಿ ಟಕಟಕ ಎಂದಿತು. ರಿಗ್‌ಜಿನ್ ಸಡಿಲಿಸಿದಳು, ಗಾಡಿ ನಿಂತಿತು. ಮತ್ತೆ ತಿರುವಿದಳು. ಒಂದು ಮಾರು ಹೋಗಿ ಮತ್ತೆ ನಿಂತಿತು. ಜಾರುಬಂಡಿ ಹಿಂದಕ್ಕೆ ಎಳೆಯುತ್ತಿತ್ತು. ಯಾಂಗ್‌ಜೋರ್ ಹಲ್ಲು ಕಚ್ಚಿ ನರಳಿದಳು.

ಪಂಪಾವತಿ ಇಳಿದು ಪಟ್ಟೆಯ ಕೆಳಗೆ ಕೈಹಾಕಿ ನೋಡಿದಳು. ಗುಬ್ಬಿಗಳು ಇನ್ನೂ ಗಟ್ಟಿಯಾಗಿದ್ದವು. ಗಾಲಿಯೂ ಸರಿಯಾಗಿತ್ತು. ಭಾರ ಮಾತ್ರ ಹೆಚ್ಚಾಗಿತ್ತು.

"ನೀನು ಅಕ್ಕನ್ನ ಕರಕೊಂಡು ಹೋಗು. ನಾನು ನಡೀತೀನಿ," ಎಂದಳು.

"ಈ ಹಿಮದಲ್ಲಾ?"

"ನೀನು ಹೋದ ಗಾಡಿಯ ಜಾಡು ಗಟ್ಟಿಯಾಗಿರುತ್ತೆ. ಅದರ ಮೇಲೆ ನಡೆದರೆ ಕಲ್ಲಿನ ಗೂಡು ಸಿಗುತ್ತೆ, ಊರಿಗಿಂತ ಅದೇ ಹತ್ತಿರ. ಅಲ್ಲಿರ್ತೀನಿ."

ರಿಗ್‌ಜಿನ್ ಕನ್ನಡಕ ಎತ್ತಿ ಅವಳ ಮುಖ ನೋಡಿದಳು. ಬೇರೆ ದಾರಿ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಂಗಿಯ ಬೆನ್ನ ಹಿಂದಿನಿಂದ ಯಾಂಗ್‌ಜೋರ್ ಕ್ಷೀಣವಾಗಿ, "ಕಾಲ್ಬೆರಳು ಆಡಿಸ್ತಾ ಇರಿ, ನಿಲ್ಲಿಸಬೇಡಿ," ಎಂದಳು.

ಗಾಡಿ ಈ ಸಲ ಹತ್ತಿತು. ಟಕ್ ಎನ್ನಲೂ ಇಲ್ಲ. ಮೋಡದೊಳಗೆ ಅದು ಮರೆಯಾದ ಮೇಲೆ ಪಂಪಾವತಿ ಜಾಡಿನ ಮೇಲೆ ಹೆಜ್ಜೆ ಇಟ್ಟಳು. ಪಟ್ಟೆಯ ಅಚ್ಚು ಏಣಿಯ ಮೆಟ್ಟಿಲಿನಂತೆ ಮೂಡಿತ್ತು. ಉಸಿರು ಸಾಲುತ್ತಿರಲಿಲ್ಲ, ಹತ್ತು ಹೆಜ್ಜೆಗೊಮ್ಮೆ ನಿಂತು ಮಂಡಿಯ ಮೇಲೆ ಕೈಯೂರುತ್ತಿದ್ದಳು. ಗೂಡು ಮುಟ್ಟಿ ಒಳಗೆ ಕೂತಾಗ ಕಾಲುಗಳು ತನ್ನವಲ್ಲ ಎನಿಸಿತು. ದಾದಿ ಹೇಳಿದಂತೆ ಬೆರಳು ಆಡಿಸುತ್ತಾ ಕೂತಳು.

ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಗಾಡಿ ಇಳಿಜಾರಿನಲ್ಲಿ ಎಲ್ಲಾದರೂ ಮಗುಚಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಅವಳು ಮನಸ್ಸಿನಲ್ಲೇ ಹಲ್ಲಿನ ಎತ್ತರವನ್ನು ಮತ್ತೆ ಮತ್ತೆ ಲೆಕ್ಕಹಾಕಿದಳು. ಇನ್ನೂ ಒಂದು ನೂಲಿನಷ್ಟು ಹೆಚ್ಚಿಸಬಹುದಿತ್ತು, ಬುಡವನ್ನು ಇನ್ನಷ್ಟು ಅಗಲ ಮಾಡಬಹುದಿತ್ತು. ಆಗ ಮೂವರೂ ಒಟ್ಟಿಗೆ ಹೋಗಬಹುದಿತ್ತೇನೋ. ಆಮೇಲೆ ಲೆಕ್ಕ ಬಿಟ್ಟು, ಬೇಸಿಗೆಯ ಸಂಡೂರಿನ ಕೆಂಪು ಧೂಳಿನ ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದ್ದನ್ನು ನೆನೆದಳು. ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಬೆರಳು ಆಡಿಸಿದಳು.

ಮೋಟಾರಿನ ಗುಂಯ್ ಎಂಬ ಸದ್ದು ಕೇಳಿದಾಗ ಹೊರಗೆ ಇನ್ನೂ ಬೆಳಕಿತ್ತು. ಗೂಡಿನ ಬಾಗಿಲಿಗೆ ಬಗ್ಗಿದವನು ಎರ್ರಿಸ್ವಾಮಿ; ಹಿಂದೆ ಗಾಡಿಯ ಮೇಲೆ ರಿಗ್‌ಜಿನ್ ಇದ್ದಳು. ಗಡ್ಡಕ್ಕೆ ಹಿಮ ಮೆತ್ತಿತ್ತು. ಎತ್ತರಕ್ಕೆ ಹೋದರೆ ತಲೆ ಸುತ್ತುತ್ತದೆ ಎಂದು ಅವನು ಎಂದೂ ಯುರ್ದೊ ದಾಟಿ ಮೇಲೆ ಬಂದವನಲ್ಲ.

"ಆಕಿ?" ಎಂದಳು ಪಂಪಾವತಿ.

"ಆಸ್ಪತ್ರಿ ಒಳಗ ಹೋದ್ಲು. ಕೊಯ್ಯಾಕತ್ತಾರ. ಬಾ, ಏಳು." ಅವನು ಅವಳ ಬೂಟು ಬಿಚ್ಚಿ ಕಾಲುಗಳನ್ನು ತನ್ನ ಕೋಟಿನೊಳಗೆ, ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳಿಗೆ ಸೂಜಿ ಚುಚ್ಚಿದಂತಾಗಿ ಅವಳ ಕಣ್ಣಲ್ಲಿ ನೀರು ಬಂತು. "ನೋಯ್ತೈತಿ," ಎಂದಳು. "ನೋಯ್ಲಿ," ಎಂದ ಅವನು, ಅವಳಿಗಿಂತ ಹೆಚ್ಚು ಅಳುತ್ತಾ.

* * *

ಯಾಂಗ್‌ಜೋರ್ ಉಳಿದಳು. ಹೊಲಿಗೆ ಒಣಗಿದ ಮೇಲೆ ತಂಗಿಯ ಗಾಡಿಯಲ್ಲೇ ತಾಂಗ್ಯಾಕ್ಕೆ ಹಿಂತಿರುಗಿದಳು. ಜಾರುಬಂಡಿಯಲ್ಲಿ ಮಲಗಲು ಒಪ್ಪದೆ, ತಂಗಿಯ ಬೆನ್ನಿಗೆ ಕೂತು ಹೋದಳು. ಪಂಪಾವತಿಯ ಎಡಗಾಲಿನ ಕಿರುಬೆರಳಿನ ತುದಿ ಕಪ್ಪಾಗಿ ಹೋಯಿತು. ಅದನ್ನು ತೆಗೆಯಬೇಕಾಯಿತು. ಆ ಚಳಿಗಾಲದ ಉಳಿದ ಭಾಗದಲ್ಲಿ ಅವಳು ಹಲ್ಲನ್ನು ಎತ್ತರಿಸಿ, ಬುಡ ಅಗಲಿಸಿ, ಮೂರು ಸಲ ಗಾಲಿ ಬದಲಿಸಿದಳು. ಹಾರುವುದು ಪೂರ್ತಿ ನಿಲ್ಲಲಿಲ್ಲ. ಅದನ್ನು ಪೂರ್ತಿ ನಿಲ್ಲಿಸಲು ಅವಳು ಹೋಗಲೂ ಇಲ್ಲ.

ಹಿಮ ಕರಗುವ ಹೊತ್ತಿಗೆ ತಾಂಗ್ಯಾದವರು ಮತ್ತೆ ಸೇರಿ ಕೂತರು. ಎಲ್ಲರೂ ಉಳಿಯಲಿಲ್ಲ. ಕೆಲವು ಮನೆಯವರು ಆಗಲೇ ಬಯಲಿನಲ್ಲಿ ಜಾಗ ನೋಡಿಕೊಂಡಿದ್ದರು, ಅವರು ಇಳಿದುಹೋದರು. ಉಳಿದವರು ಇದ್ದಲ್ಲೇ ಇರುತ್ತೇವೆ ಎಂದರು. ಮುಂದಿನ ಚಳಿಗಾಲಕ್ಕೆ ಝೋಗಳು ಮೂರಾದವು. ವಾರಕ್ಕೆರಡು ಸಲ ಹೋಗಿಬರುವ ಏರ್ಪಾಡಾಯಿತು. ರಿಗ್‌ಜಿನ್ ಇನ್ನಿಬ್ಬರಿಗೆ ಓಡಿಸುವುದನ್ನು ಕಲಿಸಿದಳು. ಹಿಡಿ ತಿರುವುವುದಕ್ಕಿಂತ ಮೊದಲು ಬಿಡುವುದನ್ನು ಕಲಿಸುತ್ತಿದ್ದಳು.

ಆ ಚಳಿಗಾಲದ ಒಂದು ಬೆಳಿಗ್ಗೆ ಪಂಪಾವತಿ ಗಾಲಿಯ ಸವೆತ ನೋಡಲು ತಾಂಗ್ಯಾಕ್ಕೆ ಹೊರಟಿದ್ದಳು. ಇನ್ನೊಂದು ಗಾಡಿಯ ಹತ್ತಿರ ಒಬ್ಬ ಮುದುಕಿ ನಿಂತಿದ್ದಳು. ಕುನ್ಜೆಸ್ ಎಂದು ಹೆಸರು. ತಾಂಗ್ಯಾದಲ್ಲಿ ಹುಟ್ಟಿ, ಮದುವೆಯಾಗಿ ಯುರ್ದೊಕ್ಕೆ ಬಂದವಳು. ಕೈಯಲ್ಲಿ ಬೆಣ್ಣೆಯ ಗಂಟು, ಮೊಮ್ಮಗಳು ಹೆಣೆದ ಟೊಪ್ಪಿಗೆ.

"ಏನಾಗಿದೆ ಇವರಿಗೆ?" ಎಂದು ಪಂಪಾವತಿ ರಿಗ್‌ಜಿನ್‌ಳನ್ನು ಮೆಲ್ಲಗೆ ಕೇಳಿದಳು. ಅಲ್ಲಿಯವರೆಗೆ ಗಾಡಿ ಹತ್ತಿದವರೆಲ್ಲ ರೋಗಿಗಳು, ಬಸುರಿಯರು, ಇಲ್ಲವೇ ಔಷಧಿಯ ಪೆಟ್ಟಿಗೆಗಳು.

"ಏನೂ ಆಗಿಲ್ಲ. ತವರಿಗೆ ಹೋಗಬೇಕಂತೆ. ಮದುವೆಯಾದ ಮೇಲೆ ಚಳಿಗಾಲದಲ್ಲಿ ಒಮ್ಮೆಯೂ ಹೋಗಿಲ್ಲ."

ಸೆರ್ಕಾಂಗಿನ ಏರಿನಲ್ಲಿ ಮುದುಕಿ ಕಣ್ಣು ಮುಚ್ಚಿಕೊಂಡು ಏನೋ ಜಪಿಸುತ್ತಿದ್ದಳು. ತಾಂಗ್ಯಾದ ಕೊನೆಯ ಮನೆಯ ಮುಂದೆ ಗಾಡಿ ನಿಂತಾಗ ಬಾಗಿಲಲ್ಲಿ ಅವಳಷ್ಟೇ ವಯಸ್ಸಾದ ತಮ್ಮ ನಿಂತಿದ್ದ. ಕನ್ನಡಕ, ಕಂಬಳಿಗಳ ನಡುವೆ ಅವನಿಗೆ ಗುರುತು ಸಿಗಲಿಲ್ಲ. ಕುನ್ಜೆಸ್ ಕನ್ನಡಕ ತೆಗೆದಳು. ಅವಳು ಅವನನ್ನು ದಾಟಿಕೊಂಡು ನೇರವಾಗಿ ಒಳಗೆ ಹೋದಳು. ಒಲೆಯ ಹತ್ತಿರ ಚಳಿಗಾಲದಲ್ಲಿ ಮಾತ್ರ ಹಾಸುವ ದಪ್ಪ ಜಮಖಾನೆಯ ಮೇಲೆ ಕೂತು ಕಾಲು ಚಾಚಿದಳು.

ರಿಗ್‌ಜಿನ್ ಹೊಸ್ತಿಲಲ್ಲಿ ನಿಂತು, ಮೂರು ಗಂಟೆಗೆ ವಾಪಸ್ ಹೊರಡುವುದು, ತಯಾರಾಗಿರಿ ಎಂದು ಹೇಳಿದಳು.

ಮುದುಕಿ ತಮ್ಮ ಕೊಟ್ಟ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನೀವು ಹೋಗಿ ಬನ್ನಿ," ಎಂದಳು. "ನಾನು ನಾಲ್ಕು ದಿನ ಇದ್ದು ಬರ್ತೀನಿ."